ಗೋಡೆ ಗೆರೆ, ಮಂಚದ ಗೆರೆ ಒಂದೇ ದಪ್ಪ ಬರ್ತಿದೆ: ರೆವಿಟ್‌ನಲ್ಲಿ ಎಲ್ಲಿ ಸರಿ ಮಾಡೋದು?

ಪ್ರಶ್ನೆ: ನಾನು ಶಿವಮೊಗ್ಗದ ಒಂದು ಸಣ್ಣ ಆರ್ಕಿಟೆಕ್ಟ್ ಆಫೀಸಿನಲ್ಲಿ ಡ್ರಾಫ್ಟ್ಸ್‌ಮನ್. ಆರು ವರ್ಷ ಆಟೋಕ್ಯಾಡ್‌ನಲ್ಲೇ ಕೆಲಸ ಮಾಡಿದವನು. ಒಂದು ವರ್ಷದಿಂದ ರೆವಿಟ್, ಅಂದರೆ ಕಟ್ಟಡವನ್ನು 3ಡಿ ಮಾಡೆಲ್ ಆಗಿ ಕಟ್ಟಿ ಅದರಿಂದಲೇ ಡ್ರಾಯಿಂಗ್ ತೆಗೆಯುವ ಸಾಫ್ಟ್‌ವೇರ್. ಮಾಡೆಲ್ ಕಟ್ಟೋದು ಅಷ್ಟೇನೂ ಕಷ್ಟ ಅನಿಸಿಲ್ಲ. ಆದರೆ ಶೀಟ್ ಪ್ರಿಂಟ್ ತೆಗೆದರೆ ಗೋಡೆ, ಮಂಚ, ಟೈಲ್ಸ್ ಎಲ್ಲಾ ಒಂದೇ ದಪ್ಪದ ಗೆರೆ. ಪ್ರತಿ ವ್ಯೂನಲ್ಲೂ (ಪ್ಲ್ಯಾನ್, ಸೆಕ್ಷನ್ ಥರದ ಒಂದೊಂದು ನೋಟ) ವಿಸಿಬಿಲಿಟಿ ಗ್ರಾಫಿಕ್ಸ್, ಅಂದರೆ ಆ ವ್ಯೂಗೆ ಮಾತ್ರ ಗೆರೆ ಬದಲಿಸುವ ಡಬ್ಬಿ, ತೆರೆದು ಸರಿ ಮಾಡ್ತಾ ಕೂತಿದ್ದೇನೆ. ಪ್ಲ್ಯಾನ್ ಸರಿ ಮಾಡಿದರೆ ಸೆಕ್ಷನ್ ಹಾಗೇ ಇರುತ್ತೆ. ‘ಆಬ್ಜೆಕ್ಟ್ ಸ್ಟೈಲ್ಸ್’ ಅಂತ ಒಂದು ಕಡೆ ಇದೆ, ಅದನ್ನು ಮುಟ್ಟಿದರೆ ಎಲ್ಲಾ ಕೆಡುತ್ತೆ ಅಂತ ಸೀನಿಯರ್ ಹೇಳಿದ್ದಾರೆ. ನಿಜವಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಸೀನಿಯರ್ ಹೇಳಿದ್ದು ಅರ್ಧ ನಿಜ. ಆಬ್ಜೆಕ್ಟ್ ಸ್ಟೈಲ್ಸ್‌ನಲ್ಲಿ ಒಂದು ನಂಬರ್ ಬದಲಿಸಿದರೆ ಇಡೀ ಪ್ರಾಜೆಕ್ಟ್‌ನಲ್ಲಿ ಬದಲಾಗುತ್ತೆ. ಪ್ಲ್ಯಾನ್, ಸೆಕ್ಷನ್, ಎಲಿವೇಶನ್ ಯಾವುದನ್ನೂ ಬಿಡಲ್ಲ. ಅವರು ಹೆದರಿದ್ದು ಇದಕ್ಕೇ. ನಾನು ನಿಮಗೆ ಅಲ್ಲಿಂದಲೇ ಶುರು ಮಾಡಿ ಅನ್ನೋದೂ ಇದಕ್ಕೇ. ಗೋಡೆ ಗೆರೆ ಮಂಚದ ಗೆರೆಗಿಂತ ದಪ್ಪ ಇರಬೇಕು ಅನ್ನೋದು ಯಾವುದೋ ಒಂದು ವ್ಯೂನ ವಿಷಯ ಅಲ್ವಲ್ಲ. ಎಲ್ಲಾ ಶೀಟ್‌ಗೂ ಸೇರಿದ ಮಾತು. ಅದನ್ನು ಒಂದೊಂದೇ ವ್ಯೂನಲ್ಲಿ ಹೇಳ್ತಾ ಹೋದರೆ ಇಪ್ಪತ್ತು ವ್ಯೂಗೆ ಇಪ್ಪತ್ತು ಸಲ ಹೇಳಬೇಕು. ಇಪ್ಪತ್ತೊಂದನೇ ವ್ಯೂ ಮಾಡಿದ ದಿನ ಮತ್ತೆ ಮೊದಲಿಂದ.

ಮೊದಲು ಆಟೋಕ್ಯಾಡ್ ಅಭ್ಯಾಸದ ಮಾತು ಮುಗಿಸೋಣ, ತೊಂದರೆಯ ಬೇರು ಅಲ್ಲೇ ಇದೆ. ಆಟೋಕ್ಯಾಡ್‌ನಲ್ಲಿ ಗೆರೆ ಎಳೀತೀವಿ, ಲೇಯರ್‌ಗೆ ಹಾಕ್ತೀವಿ, ಲೇಯರ್‌ಗೆ ಬಣ್ಣ ಕೊಡ್ತೀವಿ. ಪ್ಲಾಟ್ ಮಾಡುವಾಗ ಸಿಟಿಬಿ ಫೈಲ್ ಆ ಬಣ್ಣ ನೋಡಿ ಪೆನ್ ದಪ್ಪ ಕೊಡುತ್ತೆ. ಇದು ಕೈಯಲ್ಲಿ ಡ್ರಾಯಿಂಗ್ ಮಾಡ್ತಿದ್ದ ಕಾಲದ ಲೆಕ್ಕವೇ. ಟ್ರೇಸಿಂಗ್ ಪೇಪರ್ ಮೇಲೆ ರಾಟ್ರಿಂಗ್ ಪೆನ್ ಹಿಡಿದವರಿಗೆ ಗೊತ್ತು: 0.25ಕ್ಕೆ ಬಿಳಿ ಪಟ್ಟಿ, 0.35ಕ್ಕೆ ಹಳದಿ, 0.5ಕ್ಕೆ ಕಂದು, 0.7ಕ್ಕೆ ನೀಲಿ. ಯಾವ ಗೆರೆಗೆ ಯಾವ ಪೆನ್ ಅಂತ ಎಳೆಯುವವರೇ ತೀರ್ಮಾನ ಮಾಡ್ತಿದ್ದರು.

ರೆವಿಟ್‌ನಲ್ಲಿ ಆ ತೀರ್ಮಾನ ಎಳೆಯುವಾಗ ಆಗೋದೇ ಇಲ್ಲ. ವಾಲ್ ಟೂಲ್ ಹಿಡಿದು ಇಟ್ಟದ್ದು ‘ವಾಲ್ಸ್’ ಕ್ಯಾಟಗರಿಗೆ ಸೇರಿತು, ಮುಗೀತು. ಪೆನ್ ಕೊಡೋದು ಕ್ಯಾಟಗರಿಗೆ. ಅದೂ ಒಂದಲ್ಲ, ಎರಡು ಪೆನ್. ಆ ವಸ್ತುವನ್ನು ವ್ಯೂ ಕತ್ತರಿಸಿದಾಗ ಒಂದು, ಕತ್ತರಿಸದೆ ದೂರದಿಂದ ನೋಡಿದಾಗ ಇನ್ನೊಂದು. ಕಟ್, ಪ್ರೊಜೆಕ್ಷನ್ ಅನ್ನೋದು ಇವಕ್ಕೇ. ಒಂದೇ ಗೋಡೆ ಪ್ಲ್ಯಾನ್‌ನಲ್ಲಿ ದಪ್ಪ, ಎಲಿವೇಶನ್‌ನಲ್ಲಿ ತೆಳು. ಆಟೋಕ್ಯಾಡ್‌ನಲ್ಲಿ ಇದಕ್ಕೆ ಎರಡು ಲೇಯರ್ ಇಟ್ಟುಕೊಂಡು ಕಣ್ಣಳತೆಯಲ್ಲಿ ವಿಂಗಡಿಸ್ತಿದ್ದೆವು.

ಈಗ ಮ್ಯಾನೇಜ್ ಟ್ಯಾಬ್‌ಗೆ ಹೋಗಿ ಆಬ್ಜೆಕ್ಟ್ ಸ್ಟೈಲ್ಸ್ ತೆರೆಯಿರಿ. ಮಾಡೆಲ್, ಅನೋಟೇಶನ್, ಅನಲಿಟಿಕಲ್, ಇಂಪೋರ್ಟೆಡ್ ಅಂತ ಟ್ಯಾಬ್‌ಗಳಿವೆ. ನಿಮ್ಮ ಕೆಲಸದ ಮುಕ್ಕಾಲು ಭಾಗ ಮೊದಲನೆಯದರಲ್ಲೇ. ಎಡಕ್ಕೆ ಕ್ಯಾಟಗರಿ, ಪಕ್ಕದಲ್ಲಿ ಪ್ರೊಜೆಕ್ಷನ್ ನಂಬರ್, ಕಟ್ ನಂಬರ್, ಗೆರೆ ಬಣ್ಣ, ಗೆರೆ ಪ್ಯಾಟರ್ನ್, ಮೆಟೀರಿಯಲ್. ಗೋಡೆ ಮುಂದೆ 5 ಅಂತ ಇದ್ದರೆ ಅದು ಮಿಲಿಮೀಟರ್ ಅಲ್ಲ, ಪೆನ್ ನಂಬರ್. ಆ ಪೆನ್ ಎಷ್ಟು ದಪ್ಪ ಅನ್ನೋದು ಬೇರೆ ಕಡೆ ಇದೆ: ಮ್ಯಾನೇಜ್ ಟ್ಯಾಬ್‌ನಲ್ಲೇ ಅಡಿಷನಲ್ ಸೆಟ್ಟಿಂಗ್ಸ್, ಅದರೊಳಗೆ ಲೈನ್ ವೇಟ್ಸ್. ಅಲ್ಲಿ 16 ಪೆನ್‌ಗಳ ಪಟ್ಟಿ ಸಿಗುತ್ತೆ. ಮಾಡೆಲ್ ಪೆನ್‌ಗಳಿಗೆ ಸ್ಕೇಲ್‌ಗೊಂದು ಕಾಲಂ. 1:50ರಲ್ಲಿ ಒಂದು ದಪ್ಪ, 1:100ರಲ್ಲಿ ಇನ್ನೊಂದು. ಅನೋಟೇಶನ್ (ಅಕ್ಷರ, ಡೈಮೆನ್ಷನ್ ಥರದ್ದು) ಪೆನ್‌ಗಳಿಗೆ ಸ್ಕೇಲ್ ಲೆಕ್ಕ ಇಲ್ಲ, ಎಲ್ಲಿದ್ದರೂ ಒಂದೇ.

ಸ್ಕೇಲ್‌ಗೊಂದು ದಪ್ಪ ಯಾಕೆ ಬೇಕು ಅಂತ ಒಂದು ಬೆಡ್‌ರೂಮ್ ಮೂಲೆ ಇಟ್ಟುಕೊಂಡು ಲೆಕ್ಕ ಹಾಕೋಣ. ಹೊರಗೋಡೆ 200 ಮಿ.ಮೀ. ಸಾಲಿಡ್ ಬ್ಲಾಕ್, ಒಳಗೋಡೆ 100 ಮಿ.ಮೀ. 1:100ರಲ್ಲಿ ಹೊರಗೋಡೆ ಕಾಗದದ ಮೇಲೆ 2 ಮಿ.ಮೀ., ಒಳಗೋಡೆ ಬರೀ 1 ಮಿ.ಮೀ. ಈಗ ಕಟ್ ಪೆನ್ 0.7 ಇಟ್ಟರೆ ಏನಾಗುತ್ತೆ? ಗೆರೆ ಅಂಚಿನ ಮೇಲೆ ಕೂರುತ್ತೆ, ಅರ್ಧ ಒಳಗೆ, ಅರ್ಧ ಹೊರಗೆ. ಎರಡೂ ಕಡೆಯಿಂದ 0.35 ಒಳಗೆ ನುಗ್ಗಿದರೆ ಒಳಗೋಡೆಯಲ್ಲಿ ಉಳಿಯೋದು 0.3 ಮಿ.ಮೀ. ಬಿಳಿ. ಜೆರಾಕ್ಸ್ ಅಂಗಡಿಯ ಪ್ಲಾಟರ್‌ನಲ್ಲಿ ಅದು ಒಂದೇ ಕಪ್ಪು ಪಟ್ಟಿ. ಅದೇ ಪೆನ್‌ಗೆ 1:100ರಲ್ಲಿ 0.35 ಇಟ್ಟರೆ 0.65 ಬಿಳಿ ಉಳಿಯುತ್ತೆ, ಗೋಡೆ ಗೋಡೆಯ ಹಾಗೆ ಕಾಣುತ್ತೆ. 1:50ರಲ್ಲಿ ಅದೇ ಒಳಗೋಡೆ 2 ಮಿ.ಮೀ. ಆಗಿರುತ್ತೆ. ಅಲ್ಲಿ 0.5 ಅಥವಾ 0.7 ಆರಾಮಾಗಿ ಹಿಡಿಸುತ್ತೆ.

ಇನ್ನೊಂದು ಲೆಕ್ಕ. 12 ಮಿ.ಮೀ. ಪ್ಲಾಸ್ಟರ್ 1:100ರಲ್ಲಿ 0.12 ಮಿ.ಮೀ. ಅಂದರೆ 0.13ರ ಪೆನ್‌ಗಿಂತಲೂ ಸಣ್ಣ. ಗೋಡೆಯ ಪದರ ಎಲ್ಲಾ ತೋರಿಸ್ತೀನಿ ಅಂತ ಡೀಟೇಲ್ ಲೆವೆಲ್ ಅನ್ನು ಫೈನ್‌ಗೆ ಇಟ್ಟರೆ ಪ್ಲಾಸ್ಟರ್ ಗೆರೆ ಗೋಡೆ ಗೆರೆಗೆ ಅಂಟಿಕೊಂಡು ಗೋಡೆ ಊದಿಕೊಂಡ ಹಾಗೆ ಬರುತ್ತೆ. ಜನ ಆಬ್ಜೆಕ್ಟ್ ಸ್ಟೈಲ್ಸ್‌ಗೆ ಬೈತಾರೆ, ತಪ್ಪು ಅದರದ್ದಲ್ಲ. 1:100ಕ್ಕೆ ಪದರ ತೋರಿಸದ ‘ಕೋರ್ಸ್’ ಮಟ್ಟ ಸಾಕು.

ನಾನು ಬಳಸೋ ಪೆನ್‌ಗಳು ಇಷ್ಟೇ. 1:100ರ ಕಾಲಂನಲ್ಲಿ 1ನೇ ಪೆನ್ 0.13, 2ನೇದು 0.18, 3ನೇದು 0.25, 4ನೇದು 0.35, 5ನೇದು 0.5. 1:50ರ ಕಾಲಂನಲ್ಲಿ ಎಲ್ಲವನ್ನೂ ಒಂದು ಮೆಟ್ಟಿಲು ಮೇಲೆ. ಇವು ಐಎಸ್‌ಒ ಪೆನ್ ಅಳತೆಗಳೇ, ಒಂದಕ್ಕಿಂತ ಮುಂದಿನದು ಸುಮಾರು 1.4 ಪಟ್ಟು ದಪ್ಪ. ಅದಕ್ಕಿಂತ ಕಡಿಮೆ ವ್ಯತ್ಯಾಸ ಇಟ್ಟರೆ ಕಣ್ಣಿಗೆ ಗೊತ್ತಾಗಲ್ಲ. ಗೋಡೆ, ಕಂಬ, ಸ್ಲ್ಯಾಬ್ ಕಟ್‌ಗೆ 4. ನೆಲದ ಮಟ್ಟದ ಗೆರೆಗೆ 5. ಬಾಗಿಲು, ಕಿಟಕಿ ಚೌಕಟ್ಟಿನ ಕಟ್‌ಗೆ 3. ಗೋಡೆಯ ಪ್ರೊಜೆಕ್ಷನ್, ಮೆಟ್ಟಿಲು, ಅಡುಗೆಮನೆ ಕಟ್ಟೆಗೆ 2. ಫರ್ನಿಚರ್, ಸ್ಯಾನಿಟರಿ, ಟೈಲ್ಸ್‌ಗೆ 1. 16 ಪೆನ್ ಇವೆ ಅಂತ 16ನ್ನೂ ಬಳಸೋದು ಬೇಡ. ಐದೇ ಪೆನ್‌ನಲ್ಲಿ ಓದಲು ಬರುವ ಡ್ರಾಯಿಂಗ್ ಬರುತ್ತೆ.

ಫರ್ನಿಚರ್ ಸಾಲಿನಲ್ಲಿ ಕಟ್ ಕಾಲಂ ಬೂದು ಬಣ್ಣದಲ್ಲಿ ಮುಚ್ಚಿರುತ್ತೆ, ಗಾಬರಿ ಬೇಡ. ಕೆಲವು ಕ್ಯಾಟಗರಿಗಳನ್ನು ರೆವಿಟ್ ಕತ್ತರಿಸೋದೇ ಇಲ್ಲ. ಏಳಡಿ ಬೀರು ಇಟ್ಟರೂ ಪ್ಲ್ಯಾನ್‌ನಲ್ಲಿ ಮೇಲಿಂದ ನೋಡಿದ ಹಾಗೇ ಬರುತ್ತೆ. ಪಕ್ಕದ ಕ್ಯಾಟಗರಿಗಳ ಪುಟ್ಟ ಪ್ಲಸ್ ಗುರುತು ಒತ್ತಿದರೆ ಉಪ ಕ್ಯಾಟಗರಿಗಳು ತೆರೆದುಕೊಳ್ಳುತ್ತವೆ. ಡೋರ್ಸ್ ಕೆಳಗೆ ಪ್ಲ್ಯಾನ್ ಸ್ವಿಂಗ್ ಅಂತ ಇದೆಯಲ್ಲ, ಬಾಗಿಲು ತೆರೆಯುವ ಕಮಾನು, ಅದನ್ನು 1ಕ್ಕೆ ಇಳಿಸಿ. ಇಷ್ಟು ಮಾಡಿದರೇ ಪ್ಲ್ಯಾನ್ ಅರ್ಧ ಹಗುರಾಗುತ್ತೆ. ತೆರೆಯ ಮೇಲೆ ಯಾವ ಬದಲಾವಣೆಯೂ ಕಾಣದಿದ್ದರೆ ಥಿನ್ ಲೈನ್ಸ್, ಅಂದರೆ ಎಲ್ಲಾ ಗೆರೆಯನ್ನೂ ತೆಳುವಾಗಿ ತೋರಿಸುವ ಸ್ವಿಚ್, ಆನ್ ಇದೆ ಅಂತ ಅರ್ಥ. ಕೀಬೋರ್ಡ್‌ನಲ್ಲಿ ಟಿ, ಎಲ್ ಒತ್ತಿ ತೆಗೆಯಿರಿ. ಅದು ಪರದೆಗೆ ಮಾತ್ರ, ಪ್ರಿಂಟ್‌ಗೆ ಸಂಬಂಧ ಇಲ್ಲ. ಇದೊಂದು ಗೊತ್ತಿಲ್ಲದೆ ಮಧ್ಯಾಹ್ನ ಪೂರ್ತಿ ಕಳೆದವರನ್ನು ನೋಡಿದ್ದೇನೆ. ಅದರಲ್ಲಿ ನಾನೂ ಒಬ್ಬ.

ಈಗ ನಿಮ್ಮ ನಿಜವಾದ ಕಷ್ಟಕ್ಕೆ ಬರೋಣ. ಆಬ್ಜೆಕ್ಟ್ ಸ್ಟೈಲ್ಸ್ ಸರಿ ಮಾಡಿದ ಮೇಲೂ ನಿಮ್ಮ ಕೆಲವು ವ್ಯೂಗಳು ಹಠ ಹಿಡಿದು ಹಾಗೇ ಇರುತ್ತವೆ. ನೀವು ಒಂದು ವರ್ಷದಿಂದ ಅವುಗಳ ಮೇಲೆ ಓವರ್‌ರೈಡ್ (ತಳದ ಸೆಟ್ಟಿಂಗ್ ಮೀರಿಸುವ ಬದಲಾವಣೆ) ಹೇರಿದ್ದೀರಲ್ಲ, ಅದಕ್ಕೆ. ತಳದಲ್ಲಿ ಆಬ್ಜೆಕ್ಟ್ ಸ್ಟೈಲ್ಸ್. ಅದರ ಮೇಲೆ ವ್ಯೂನ ವಿಸಿಬಿಲಿಟಿ ಗ್ರಾಫಿಕ್ಸ್, ಅದರ ಮೇಲೆ ಫೇಸ್ (ಹಳೇದು, ಹೊಸದು, ಕೆಡವೋದು ಅನ್ನೋ ಹಂತ), ಅದರ ಮೇಲೆ ಫಿಲ್ಟರ್, ಆಮೇಲೆ ಒಂದೊಂದೇ ಎಲಿಮೆಂಟ್‌ಗೆ ಕೊಟ್ಟ ಓವರ್‌ರೈಡ್, ಎಲ್ಲಕ್ಕಿಂತ ಮೇಲೆ ಒಂದೊಂದೇ ಗೆರೆ ಬದಲಿಸುವ ಲೈನ್‌ವರ್ಕ್ ಟೂಲ್. ಮೇಲಿನವರ ಮಾತೇ ನಡೆಯೋದು. ವಿಸಿಬಿಲಿಟಿ ಗ್ರಾಫಿಕ್ಸ್ ಡಬ್ಬಿಯ ಕೆಳಗೇ ಒಂದು ಸಾಲು ಬರೆದಿದೆ: ಇಲ್ಲಿ ಓವರ್‌ರೈಡ್ ಮಾಡದ ಕ್ಯಾಟಗರಿಗಳು ಆಬ್ಜೆಕ್ಟ್ ಸ್ಟೈಲ್ಸ್ ಪ್ರಕಾರ ಬರುತ್ತವೆ ಅಂತ. ಪಕ್ಕದಲ್ಲೇ ಅಲ್ಲಿಗೆ ಹೋಗಲು ಬಟನ್ ಕೂಡ ಇದೆ. ದಿನಾ ತೆರೆಯೋ ಡಬ್ಬಿ, ಆ ಸಾಲು ಮಾತ್ರ ಯಾರೂ ಓದಲ್ಲ.

ಒಂದು ಗೆರೆ ತಪ್ಪಾಗಿ ಬಂದರೆ ಮೊದಲು ಕೇಳಿಕೊಳ್ಳಿ: ಇದು ಎಲ್ಲಾ ಶೀಟ್‌ನಲ್ಲೂ ತಪ್ಪಾ? ಆಗಿದ್ದರೆ ಆಬ್ಜೆಕ್ಟ್ ಸ್ಟೈಲ್ಸ್. ಒಂದು ಜಾತಿಯ ಶೀಟ್‌ನಲ್ಲಿ ಮಾತ್ರನಾ, ಉದಾಹರಣೆಗೆ ಎಲೆಕ್ಟ್ರಿಕಲ್ ಲೇಔಟ್‌ನಲ್ಲಿ ಗೋಡೆ ಮಸುಕಾಗಿ ಬೇಕು, ಬೇರೆ ಕಡೆ ಬೇಡ? ಆಗ ವ್ಯೂ ಟೆಂಪ್ಲೇಟ್, ಅಂದರೆ ಒಂದೇ ಸೆಟ್ಟಿಂಗ್ ಅನ್ನು ಹಲವು ವ್ಯೂಗೆ ಹಚ್ಚುವ ಅಚ್ಚು. ಒಂದು ಗುಂಪಿನ ವಸ್ತುಗಳಿಗೆ ಮಾತ್ರನಾ, ಬೆಂಕಿ ತಡೆಯುವ ಬಾಗಿಲುಗಳಷ್ಟೇ ಕೆಂಪು ಬರಬೇಕು ಅನ್ನೋ ಥರ? ಆಗ ಫಿಲ್ಟರ್. ಎಲಿಮೆಂಟ್ ಓವರ್‌ರೈಡ್ ಅನ್ನು ನಾನು ಶೀಟ್ ಹೊರಡುವ ಸಂಜೆ ಮಾತ್ರ ಮುಟ್ಟುತ್ತೇನೆ, ಮಾರನೇ ದಿನ ತೆಗೀತೇನೆ.

ಯಾಕೆ ಅಂತ ಹೇಳ್ತೇನೆ ಕೇಳಿ. ರೆವಿಟ್ ಕಲಿತ ಹೊಸದರಲ್ಲಿ ಒಂದು ಮನೆ ಕೆಲಸ. ಅಡುಗೆಮನೆಯಲ್ಲಿ ಏಳಡಿ ಎತ್ತರಕ್ಕೆ ಲಾಫ್ಟ್. ಅದನ್ನು ಜೆನೆರಿಕ್ ಮಾಡೆಲ್ (ಬೇರೆ ಯಾವುದಕ್ಕೂ ಸೇರದ್ದನ್ನು ಇಡುವ ಕ್ಯಾಟಗರಿ) ಆಗಿ ಮಾಡಿದ್ದೆ. ಪ್ಲ್ಯಾನ್ ಕತ್ತರಿಸೋದು 1200 ಮಿ.ಮೀ. ಎತ್ತರದಲ್ಲಿ. ಅದಕ್ಕಿಂತ ಮೇಲಿರೋದು ಸಾಮಾನ್ಯವಾಗಿ ಕಾಣಲ್ಲ. ಆದರೆ ಕಿಟಕಿ, ಕೇಸ್‌ವರ್ಕ್ (ಗೋಡೆ ಕಪಾಟು ಥರದ್ದು), ಜೆನೆರಿಕ್ ಮಾಡೆಲ್ ಈ ಮೂರಕ್ಕೆ ವಿನಾಯಿತಿ. ವ್ಯೂ ರೇಂಜ್‌ನ (ಪ್ಲ್ಯಾನ್ ಎಷ್ಟು ಎತ್ತರದಿಂದ ಎಷ್ಟು ಆಳಕ್ಕೆ ನೋಡುತ್ತೆ ಅನ್ನೋ ಸೆಟ್ಟಿಂಗ್) ಟಾಪ್‌ಗಿಂತ ಕೆಳಗಿದ್ದರೆ ಮೇಲಿಂದ ನೋಡಿದ ಹಾಗೆ ಬಂದುಬಿಡುತ್ತವೆ, ಅದೂ ಗಟ್ಟಿ ಗೆರೆಯಲ್ಲಿ. ನಾನು ಆ ಲಾಫ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ಎಲಿಮೆಂಟ್ ಓವರ್‌ರೈಡ್‌ನಲ್ಲಿ ಚುಕ್ಕಿ ಗೆರೆ ಕೊಟ್ಟೆ. ಚೆನ್ನಾಗೇ ಬಂತು. ಎರಡು ವಾರ ಬಿಟ್ಟು ಮನೆಯವರು ಲಾಫ್ಟ್ ಉದ್ದ ಬದಲಿಸಿದರು. ನಾನು ಹಳೇದನ್ನು ಅಳಿಸಿ ಹೊಸದಿಟ್ಟೆ. ಓವರ್‌ರೈಡ್ ಹಳೇ ಎಲಿಮೆಂಟ್‌ನ ಜೊತೆ ಹೋಯ್ತು, ಹೊಸದು ಗಟ್ಟಿ ಗೆರೆಯಲ್ಲಿ ನಿಂತಿತು. ಸೈಟ್‌ನಲ್ಲಿ ಮೇಸ್ತ್ರಿ ಅದನ್ನು ಇನ್ನೊಂದು ಕಟ್ಟೆ ಅಂದುಕೊಂಡು ಎರಡು ವರಸೆ ಬ್ಲಾಕ್ ಏರಿಸಿದ್ದರು. ‘ಗೆರೆ ಗಟ್ಟಿ ಇತ್ತಲ್ಲ ಸಾರ್’ ಅಂದರು. ಅವರ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಸರಿಯಾದ ದಾರಿ ಫ್ಯಾಮಿಲಿಯೊಳಗೆ, ಅಂದರೆ ಆ ವಸ್ತುವಿನ ಮೂಲ ಫೈಲ್‌ನೊಳಗೆ, ಇತ್ತು. ಲಾಫ್ಟ್ ಫ್ಯಾಮಿಲಿ ತೆರೆದು ‘ಓವರ್‌ಹೆಡ್’ ಅಂತ ಒಂದು ಉಪ ಕ್ಯಾಟಗರಿ ಮಾಡಬೇಕು. ಘನ ಆಕಾರವನ್ನು ಪ್ಲ್ಯಾನ್‌ನಲ್ಲಿ ಕಾಣದ ಹಾಗೆ ವಿಸಿಬಿಲಿಟಿಯಲ್ಲಿ ಟಿಕ್ ತೆಗೆಯಬೇಕು. ಅದರ ಅಂಚಿನ ಮೇಲೆ ಸಿಂಬಾಲಿಕ್ ಲೈನ್ (ಡ್ರಾಯಿಂಗ್‌ನಲ್ಲಿ ಕಾಣಲೆಂದೇ ಎಳೆಯುವ ಗೆರೆ) ಎಳೆದು ಓವರ್‌ಹೆಡ್‌ಗೆ ಹಾಕಬೇಕು. ಪ್ರಾಜೆಕ್ಟ್‌ಗೆ ಲೋಡ್ ಮಾಡಿದಾಗ ಆ ಉಪ ಕ್ಯಾಟಗರಿ ಆಬ್ಜೆಕ್ಟ್ ಸ್ಟೈಲ್ಸ್‌ನಲ್ಲಿ ಬಂದು ಕೂರುತ್ತೆ. ಅಲ್ಲಿ ಒಂದು ಸಲ ಚುಕ್ಕಿ ಪ್ಯಾಟರ್ನ್ ಕೊಟ್ಟರೆ ಹತ್ತು ಲಾಫ್ಟ್ ಅಳಿಸಿ ಇಟ್ಟರೂ ಚುಕ್ಕಿಯೇ. ನೇರವಾಗಿ ಘನ ಆಕಾರಕ್ಕೇ ಚುಕ್ಕಿ ಕೊಟ್ಟರೆ ಆಗಲ್ವಾ ಅಂತ ಕೇಳಬಹುದು. ಆಗಲ್ಲ. ಆಬ್ಜೆಕ್ಟ್ ಸ್ಟೈಲ್ಸ್‌ನಲ್ಲಿ ಕಟ್‌ಗೆ, ಪ್ರೊಜೆಕ್ಷನ್‌ಗೆ ಬೇರೆ ಬೇರೆ ದಪ್ಪ ಇದೆ, ಪ್ಯಾಟರ್ನ್ ಮಾತ್ರ ಎರಡಕ್ಕೂ ಒಂದೇ. ಸೆಕ್ಷನ್‌ನಲ್ಲೂ ಲಾಫ್ಟ್ ಚುಕ್ಕಿಯಾಗಿ ಬಂದರೆ ಅದು ಇನ್ನೊಂದು ಅಪಾರ್ಥ. ಮತ್ತೆ ಆಟೋಕ್ಯಾಡ್‌ನಲ್ಲಿ ಚುಕ್ಕಿ ಗೆರೆಯ ಅಳತೆ ಹಿಗ್ಗಿಸಿ ಕುಗ್ಗಿಸುವ ಎಲ್‌ಟಿಸ್ಕೇಲ್ ಇಲ್ಲಿ ಹುಡುಕಬೇಡಿ. ರೆವಿಟ್‌ನ ಪ್ಯಾಟರ್ನ್ ಅಳತೆ ಕಾಗದದ ಮೇಲಿನ ಅಳತೆ, ಸ್ಕೇಲ್ ಬದಲಿಸಿದರೂ ಚುಕ್ಕಿ ಅಷ್ಟೇ ಇರುತ್ತೆ.

ಉಪ ಕ್ಯಾಟಗರಿ ವಿಷಯದಲ್ಲಿ ಒಂದು ಎಚ್ಚರಿಕೆ. ಹೆಸರು ಒಂದೇ ಇದ್ದರೆ ಪ್ರಾಜೆಕ್ಟ್‌ನ ಸೆಟ್ಟಿಂಗ್ ಗೆಲ್ಲುತ್ತೆ. ಹೆಸರು ಒಂದಕ್ಷರ ಬೇರೆ ಆದರೂ ಅದು ಹೊಸ ಸಾಲು, ಅದರ ದಪ್ಪ ಫ್ಯಾಮಿಲಿ ಮಾಡಿದವರ ಇಷ್ಟ. ನೆಟ್‌ನಿಂದ ಇಳಿಸಿದ ಹತ್ತು ಬಾಗಿಲು ತಂದರೆ ಡೋರ್ಸ್ ಕೆಳಗೆ ಫ್ರೇಮ್, ಫ್ರೇಮ್ಸ್, ಡೋರ್ ಫ್ರೇಮ್, ಫ್ರೇಮ್ 2 ಅಂತ ಸಂತೆ ಸೇರುತ್ತೆ. ಇಳಿಸಿದ ಫ್ಯಾಮಿಲಿಯನ್ನು ಬೇರೆ ಫೈಲ್‌ನಲ್ಲಿ ತೆರೆದು, ಹೆಸರು ನಮ್ಮದಕ್ಕೆ ಸರಿ ಮಾಡಿ, ಆಮೇಲೆ ಒಳಗೆ ಬಿಡಿ. ಐದು ನಿಮಿಷದ ಕೆಲಸ.

ಕ್ಯಾಟಗರಿ ಗೊತ್ತಾಗದ್ದನ್ನೆಲ್ಲಾ ಜೆನೆರಿಕ್ ಮಾಡೆಲ್‌ಗೆ ತುಂಬೋ ಚಾಳಿಯೂ ಬಿಡಬೇಕು. ತುಳಸಿ ಕಟ್ಟೆ, ಜಾಲಿ, ಕಾಂಪೌಂಡ್ ಗೇಟು, ದೇವರಮನೆ ಪೀಠ ಎಲ್ಲಾ ಅಲ್ಲೇ. ಆಮೇಲೆ ಜಾಲಿ ತೆಳು ಮಾಡಲು ಹೋದರೆ ತುಳಸಿ ಕಟ್ಟೆಯೂ ತೆಳು. ನಮ್ಮ ಮನೆಗಳಿಗೆ ಬೇಕಾದ ಎಷ್ಟೋ ವಸ್ತುಗಳಿಗೆ ರೆವಿಟ್‌ನಲ್ಲಿ ಹೆಸರೇ ಇಲ್ಲ, ಒಪ್ಪುತ್ತೇನೆ. ಜೆನೆರಿಕ್ ಮಾಡೆಲ್‌ನಲ್ಲೇ ಇಡಿ, ಆದರೆ ಪ್ರತಿಯೊಂದಕ್ಕೂ ಅದರದೇ ಉಪ ಕ್ಯಾಟಗರಿ ಕೊಡಿ.

ಆಬ್ಜೆಕ್ಟ್ ಸ್ಟೈಲ್ಸ್‌ನ ಕೊನೆಯ ಕಾಲಂ ಮೆಟೀರಿಯಲ್ ಬಗ್ಗೆ ಯಾರೂ ಮಾತಾಡಲ್ಲ. ಒಂದು ಫ್ಯಾಮಿಲಿಯ ಮೆಟೀರಿಯಲ್ ‘ಬೈ ಕ್ಯಾಟಗರಿ’ ಅಂತ ಇದ್ದರೆ ಅದು ಈ ಕಾಲಂ ನೋಡುತ್ತೆ. ಕಿಟಕಿಯ ಗ್ಲಾಸ್ ಉಪ ಕ್ಯಾಟಗರಿಗೆ ಗಾಜು ಕೊಟ್ಟರೆ ಹಾಗೆ ಇಟ್ಟಿರುವ ಎಲ್ಲಾ ಕಿಟಕಿಗೂ ಬಂತು. ಅದೇ ಗೋಡೆ ಒಳಗಿನ ಹ್ಯಾಚ್ ಇಲ್ಲಿಂದ ಬರಲ್ಲ. ಮೀಡಿಯಂ, ಫೈನ್‌ನಲ್ಲಿ ಗೋಡೆಯ ಪದರಗಳಿಗೆ ಕೊಟ್ಟ ಮೆಟೀರಿಯಲ್‌ನಿಂದ ಬರುತ್ತೆ, ಕೋರ್ಸ್‌ನಲ್ಲಿ ಗೋಡೆಯ ಟೈಪ್‌ನಲ್ಲಿರುವ ‘ಕೋರ್ಸ್ ಸ್ಕೇಲ್ ಫಿಲ್ ಪ್ಯಾಟರ್ನ್’ನಿಂದ.

ಹಳೇ ಆಟೋಕ್ಯಾಡ್ ಫೈಲ್ ಒಳಗೆ ತಂದಾಗ ಅದರ ಲೇಯರ್‌ಗಳು ಇಂಪೋರ್ಟೆಡ್ ಟ್ಯಾಬ್‌ನಲ್ಲಿ ಬರುತ್ತವೆ. ಸರ್ವೆ ಡ್ರಾಯಿಂಗ್ ಆದರೆ ಲಿಂಕ್ ಮಾಡಿ, ಇಂಪೋರ್ಟ್ ಬೇಡ. ಎಕ್ಸ್‌ಪ್ಲೋಡ್ (ಒಳಗೆ ತಂದ ಫೈಲ್ ಅನ್ನು ಬಿಡಿ ಗೆರೆಗಳಾಗಿ ಒಡೆಯೋದು) ಅಂತೂ ಮಾಡಲೇಬೇಡಿ. ಮಾಡಿದರೆ ಲೈನ್ ಸ್ಟೈಲ್ ಪಟ್ಟಿಯಲ್ಲಿ ಆ ಸರ್ವೆಯವರ ಲೇಯರ್ ಹೆಸರುಗಳು ವರ್ಷಗಟ್ಟಲೆ ಬಾಡಿಗೆ ಕೊಡದೆ ಇರುತ್ತವೆ.

ಸ್ಯಾಂಕ್ಷನ್ ಡ್ರಾಯಿಂಗ್ (ಕಟ್ಟಡದ ಅನುಮತಿಗೆ ಕೊಡೋದು) ಬಣ್ಣಕ್ಕೆ ಆಬ್ಜೆಕ್ಟ್ ಸ್ಟೈಲ್ಸ್ ಮುಟ್ಟಬೇಡಿ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪಟ್ಟಿಯಲ್ಲಿ ಹೊಸ ಕೆಲಸ ಕೆಂಪು, ಕೆಡವುವ ಭಾಗ ಹಳದಿ ಹ್ಯಾಚ್ ಅಂತಿದೆ. ಇದು ಗೋಡೆಯ ಗುಣ ಅಲ್ಲ, ಆ ಗೋಡೆ ಯಾವ ಹಂತದ್ದು ಅನ್ನೋದರ ಗುಣ. ಹಳೇ ಮನೆಗೆ ಮೇಲಂತಸ್ತು ಹಾಕೋ ಕೆಲಸದಲ್ಲಿ ಹಳೇ ಗೋಡೆಯೂ ವಾಲ್ಸ್, ಹೊಸದೂ ವಾಲ್ಸ್. ಅದಕ್ಕೆ ಫೇಸ್ ಇದೆ. ಫೇಸ್‌ನ ಗ್ರಾಫಿಕ್ ಓವರ್‌ರೈಡ್‌ನಲ್ಲಿ ಕೆಂಪು, ಹಳದಿ ಕೊಟ್ಟು ಸ್ಯಾಂಕ್ಷನ್ ವ್ಯೂಗೆ ಒಂದು ಫೇಸ್ ಫಿಲ್ಟರ್ ಹಚ್ಚಿ. ವರ್ಕಿಂಗ್ ಡ್ರಾಯಿಂಗ್ ವ್ಯೂಗಳು ಕಪ್ಪಲ್ಲೇ ಇರಲಿ.

ಬಾತ್‌ರೂಮ್ ವೆಂಟಿಲೇಟರ್ ಪ್ಲ್ಯಾನ್‌ನಲ್ಲಿ ಕಾಣ್ತಿಲ್ಲ ಅನ್ನೋದೂ ಆಬ್ಜೆಕ್ಟ್ ಸ್ಟೈಲ್ಸ್ ದೋಷ ಅಲ್ಲ. ಕಿಟಕಿಗೆ ಆಗಲೇ ಹೇಳಿದ ವಿನಾಯಿತಿ ಇದ್ದರೂ ಗೋಡೆ 1200ರಲ್ಲಿ ಕತ್ತರಿಸಿ ಗಟ್ಟಿಯಾಗಿ ಬಂದಿದೆ, ವೆಂಟಿಲೇಟರ್ ಅದಕ್ಕಿಂತ ತುಂಬಾ ಮೇಲಿದೆ. ಅಷ್ಟು ಜಾಗಕ್ಕೆ ಮಾತ್ರ ‘ಪ್ಲ್ಯಾನ್ ರೀಜನ್’ ಅನ್ನೋ ಗಡಿ ಹಾಕಿ ಕತ್ತರಿಸುವ ಎತ್ತರ ಏರಿಸಿ.

ಒಂದು ಹೆಸರಿನ ಗೊಂದಲ ಬಿಡಿಸಿ ಮುಂದೆ ಹೋಗ್ತೇನೆ. ಆಟೋಕ್ಯಾಡ್ ಆರ್ಕಿಟೆಕ್ಚರ್‌ನಲ್ಲೂ ಸ್ಟೈಲ್ ಅಂತ ಇದೆ, ಆದರೆ ಅಲ್ಲಿ ವಾಲ್ ಸ್ಟೈಲ್ ಅಂದರೆ ಗೋಡೆಯ ಪದರ, ದಪ್ಪ ಎಲ್ಲಾ ಸೇರಿದ ಗೋಡೆಯ ಜಾತಿ. ರೆವಿಟ್‌ನಲ್ಲಿ ಅದಕ್ಕೆ ಟೈಪ್ ಅಂತಾರೆ. ಯೂಟ್ಯೂಬ್‌ನಲ್ಲಿ ಅದನ್ನು ನೋಡಿ ಇದರಲ್ಲಿ ಹುಡುಕಬೇಡಿ.

ಈಗ ನಡೀತಿರೋ ಪ್ರಾಜೆಕ್ಟ್ ಏನು ಮಾಡೋದು? ಫೈಲ್ ಒಂದು ಕಾಪಿ ಇಟ್ಟುಕೊಳ್ಳಿ. ಲೈನ್ ವೇಟ್ಸ್ ಮೊದಲು, ಆಬ್ಜೆಕ್ಟ್ ಸ್ಟೈಲ್ಸ್ ಆಮೇಲೆ. ಅದಾದ ಮೇಲೆ ಗ್ರೌಂಡ್ ಫ್ಲೋರ್‌ಗೆ ಹೊಸದಾಗಿ ಒಂದು ಪ್ಲ್ಯಾನ್ ವ್ಯೂ ಮಾಡಿ, ಟೆಂಪ್ಲೇಟ್ ಇಲ್ಲದೆ, ಓವರ್‌ರೈಡ್ ಇಲ್ಲದೆ. ಅದು ಚೆನ್ನಾಗಿ ಕಂಡರೆ ತಳ ಸರಿ ಇದೆ ಅಂತ. ಹಳೇ ವ್ಯೂ ಪಕ್ಕದಲ್ಲಿಟ್ಟು ನೋಡಿ, ವ್ಯತ್ಯಾಸ ಇರುವ ಕಡೆಯೆಲ್ಲಾ ನಿಮ್ಮ ಹಳೇ ಓವರ್‌ರೈಡ್ ಕೂತಿರುತ್ತೆ. ಆ ಹೊಸ ವ್ಯೂನಿಂದಲೇ ಒಂದು ಟೆಂಪ್ಲೇಟ್ ಮಾಡಿ ಉಳಿದ ಪ್ಲ್ಯಾನ್‌ಗಳಿಗೆ ಹಚ್ಚಿದರೆ ವಿಸಿಬಿಲಿಟಿ ಗ್ರಾಫಿಕ್ಸ್‌ನ ಕಸ ಒಂದೇ ಏಟಿಗೆ ಹೋಗುತ್ತೆ. ಎಲಿಮೆಂಟ್ ಓವರ್‌ರೈಡ್‌ಗಳು ಮಾತ್ರ ಹಾಗೆ ಹೋಗಲ್ಲ. ಅವನ್ನು ಆಯ್ಕೆ ಮಾಡಿ ರಿಸೆಟ್ ಒತ್ತಬೇಕು. ಲೈನ್‌ವರ್ಕ್‌ನಲ್ಲಿ ಬದಲಿಸಿದ್ದನ್ನು ಅದೇ ಟೂಲ್‌ನಲ್ಲಿ ‘ಬೈ ಕ್ಯಾಟಗರಿ’ಗೆ ವಾಪಸ್ ತರಬೇಕು. ಬೇಜಾರಿನ ಕೆಲಸ, ಒಂದು ದಿನ ಹಿಡಿಯುತ್ತೆ.

ಪ್ರಿಂಟ್ ನೋಡುವಾಗ ಎ1 ಶೀಟ್ ಅನ್ನು ಎ3ಗೆ ಕುಗ್ಗಿಸಿ ತೆಗೆದು ತೀರ್ಪು ಕೊಡಬೇಡಿ, ಗೆರೆಯೂ ಅರ್ಧಕ್ಕೆ ಕುಗ್ಗಿರುತ್ತೆ. ಶೀಟ್‌ನ ಒಂದು ಮೂಲೆ, ಗೋಡೆ, ಬಾಗಿಲು, ಮಂಚ, ಡೈಮೆನ್ಷನ್ ಎಲ್ಲಾ ಇರುವ ಜಾಗ, ಅಷ್ಟನ್ನೇ ನೂರಕ್ಕೆ ನೂರು ಸೈಜಿನಲ್ಲಿ ತೆಗೆಯಿರಿ. ಕೈ ಉದ್ದ ಮಾಡಿ ಹಿಡಿದು ನೋಡಿ. ಮೊದಲು ಗೋಡೆ ಕಾಣಬೇಕು, ಆಮೇಲೆ ಬಾಗಿಲು, ಮಂಚ ಹುಡುಕಿದರೆ ಕಾಣಬೇಕು. ನಂಬರ್ ತಿದ್ದಿ ಇನ್ನೊಂದು ಸಲ ತೆಗೆಯಿರಿ. ನನಗೆ ನಾಲ್ಕನೇ ಪ್ರಿಂಟ್‌ಗೆ ಸರಿ ಬಂದಿತ್ತು.

ಸರಿ ಬಂದ ಮೇಲೆ ಆ ಫೈಲ್‌ನಿಂದ ಆಫೀಸಿನ ಟೆಂಪ್ಲೇಟ್ ಮಾಡಿಡಿ. ಬೇರೆ ಹಳೇ ಪ್ರಾಜೆಕ್ಟ್‌ಗಳಿಗೆ ಬೇಕಾದರೆ ಎರಡೂ ಫೈಲ್ ತೆರೆದು, ಟ್ರಾನ್ಸ್‌ಫರ್ ಪ್ರಾಜೆಕ್ಟ್ ಸ್ಟ್ಯಾಂಡರ್ಡ್ಸ್‌ನಲ್ಲಿ ಲೈನ್ ವೇಟ್ಸ್, ಆಬ್ಜೆಕ್ಟ್ ಸ್ಟೈಲ್ಸ್, ವ್ಯೂ ಟೆಂಪ್ಲೇಟ್‌ಗಳಿಗೆ ಮಾತ್ರ ಟಿಕ್ ಹಾಕಿ. ಅದು ತೆರೆದಾಗ ಎಲ್ಲಕ್ಕೂ ಟಿಕ್ ಇರುತ್ತೆ. ಮೊದಲು ‘ಚೆಕ್ ನನ್’ ಒತ್ತಿ, ಆಮೇಲೆ ಬೇಕಾದ್ದನ್ನು ಆರಿಸಿ. ಡೂಪ್ಲಿಕೇಟ್ ಇದೆ ಅಂತ ಕೇಳಿದಾಗ ಓವರ್‌ರೈಟ್ ಕೊಡಿ. ನ್ಯೂ ಓನ್ಲಿ ಕೊಟ್ಟರೆ ಮೊದಲೇ ಇರುವ ವಾಲ್ಸ್, ಡೋರ್ಸ್ ಸಾಲುಗಳು ಹಳೇ ದಪ್ಪದಲ್ಲೇ ಉಳಿಯುತ್ತವೆ, ನೀವು ಮತ್ತೆ ವಿಸಿಬಿಲಿಟಿ ಗ್ರಾಫಿಕ್ಸ್ ತೆರೆಯೋಕೆ ಹೋಗ್ತೀರಿ.